ಕಲಬುರಗಿಯಾಗೇ ಕುಂತು ಮ್ಯಾಕ್ ಆ್ಯಪ್ ಮಾರೋದು ಹೆಂಗ: ಕೋಡ್ ಮುಗಿದ ಮ್ಯಾಲಿನ ಕೆಲಸ

ಇಲ್ಲಿ ಇಂಜಿನಿಯರಿಂಗ್ ಓದೋ ಹುಡುಗ್ರು ಸಿಕ್ಕಾಗೆಲ್ಲ ಒಂದೇ ಮಾತು ಕೇಳ್ತಾರ, ಅಣ್ಣಾ ನೀ ಬೆಂಗಳೂರಿಗೂ ಹೋಗಿಲ್ಲ ಹೈದರಾಬಾದಿಗೂ ಹೋಗಿಲ್ಲ, ಸೇಡಂ ರೋಡಿನ ಮನ್ಯಾಗ ಕುಂತು ಮ್ಯಾಕ್ ಆ್ಯಪ್ ಮಾಡಿ ಹೆಂಗ ಸಂಸಾರ ನಡಸ್ತಿ, ಸ್ವಿಫ್ಟ್ ಎಲ್ಲಿ ಕಲೀಬೇಕು ಹೇಳು ಅಂತ. ಸ್ವಿಫ್ಟ್ ಅಂದ್ರ ಆ್ಯಪ್ ಬರಿಯೋ ಪ್ರೋಗ್ರಾಮಿಂಗ್ ಭಾಷಾ, ಅದನ್ನ ಕಲಿಯೋದಕ್ಕ ದಾರಿ ಬೇಕಾದಷ್ಟು ಅವ ನೋಡ್ರಿ, ಆ್ಯಪಲ್ ಅದನ್ನ 2014ರಾಗ ತಂದದ, ಪುಸ್ತಕ ಅವ ವಿಡಿಯೋ ಅವ, ಮನಸು ಹಚ್ಚಿ ಆರೇಳು ತಿಂಗಳು ಕುಂತ್ರ ಬರ್ತದ. ಆದ್ರ ಕೋಡ್ ಮುಗಿದ ಮ್ಯಾಲ ಏನೇನ್ ಮಾಡ್ಬೇಕು ಅನ್ನೋದು ನನಗ ಯಾರೂ ಹೇಳ್ಲಿಲ್ಲ, ನಾ ಒಂದೊಂದೇ ಪೆಟ್ಟು ತಿಂದು ಕಲ್ತೀನಿ. ಈಗ ನನ್ನ ದಿನದಾಗ ಕೋಡ್ ಬರಿಯೋದು ಮೂರನೇ ಒಂದು ಪಾಲು ಇರಬಹುದು, ಉಳಿದದ್ದೆಲ್ಲ ಆ ಆ್ಯಪ್ ಎಲ್ಲೋ ಇರೋ ಇನ್ನೊಬ್ಬರ ಮ್ಯಾಕಿನ್ಯಾಗ ತಕರಾರಿಲ್ದೆ ತೆರೀಬೇಕು, ಕೆಟ್ರ ಅವರಿಗಿ ಉತ್ತರ ಸಿಗಬೇಕು, ರೊಕ್ಕ ನೆಟ್ಟಗ ಬ್ಯಾಂಕಿಗಿ ಬರಬೇಕು, ಇದರ ಸಲುವಾಗೇ ಹೋಗ್ತದ. ಅದನ್ನೇ ಬರೀಲಿಕತ್ತೀನಿ.

ಮೊದ್ಲು, ಏನ್ ಮಾಡ್ಬೇಕು ಅನ್ನೋದು. ಐಡಿಯಾ ಹುಡಕ್ಕೋತ ಇಂಟರ್ನೆಟ್ ತುಂಬ ತಿರಗಬ್ಯಾಡ್ರಿ, ಮ್ಯಾಕ್ ಮುಂದ ಕುಂತು ದುಡಿಯೋ ಮನಷ್ಯಾನ ಬಾಜೂಕ ಎರಡು ದಿನ ಸುಮ್ನ ಕುಂಡ್ರಿ. ನಮ್ಮ ಊರಾಗ ಮ್ಯಾಕ್ ಯಾರ ಬಲ್ಲಿ ಇರ್ತಾವ? ಮದುವಿ ಫೋಟೋ ಸ್ಟುಡಿಯೋದವ್ರ ಬಲ್ಲಿ, ಆಲ್ಬಮ್ ಡಿಸೈನ್ ಮಾಡೋರ ಬಲ್ಲಿ, ಅಷ್ಟಿಷ್ಟು ಪ್ರಿಂಟಿಂಗ್ ಪ್ರೆಸ್‌ನವ್ರ ಬಲ್ಲಿ. ನಮ್ಮ ಮಾಮಾನ ಮಗ, ನನಗ ಅಣ್ಣ ಆಗಬೇಕು, ಸೂಪರ್ ಮಾರ್ಕೆಟ್ ಕಡೆ ಸ್ಟುಡಿಯೋ ಇಟ್ಟಾನ, ಅವನ ಬಾಜೂಕ ಕುಂತಾಗ ಕಂಡಿದ್ದು ಇದು: ಒಂದು ಮದುವಿಗಿ ಮೂರು ಕ್ಯಾಮೆರಾ ಹೋಗ್ತಾವ, ಮೂರರ ಗಡಿಯಾರ ಮೂರು ಥರ, ಒಂದು ಏಳು ನಿಮಿಷ ಮುಂದ, ಇನ್ನೊಂದರ ಬ್ಯಾಟರಿ ತೆಗದಾಗ ತಾರೀಖೇ ಹೋಗಿ ಕುಂತದ. ಎಲ್ಲಾ ಕಾರ್ಡ್ ಒಂದು ಫೋಲ್ಡರಿಗಿ ಸುರದು ಟೈಮ್ ಪ್ರಕಾರ ಹಚ್ಚಿದ್ರ ಒಂದು ಫೋಟೋದಾಗ ಅಕ್ಕಿಕಾಳು ಬಿದ್ದು ಮುಗಿದಾವ, ಅದರ ಮುಂದಿನ ಫೋಟೋದಾಗ ಇನ್ನಾ ಅಂತರಪಟ ಹಿಡಕೊಂಡು ನಿಂತಾರ. ಅದರ ಮ್ಯಾಲ ಕ್ಯಾಮೆರಾದ ಫೈಲ್ ನಂಬರ್ 9999 ಮುಟ್ಟಿದ ಕೂಡ್ಲೆ ಮತ್ತ 0001 ಅಂತ ಶುರು ಆಗ್ತದ, ಹಿಂಗಾಗಿ ಒಂದೇ ಹೆಸರಿನ ಎರಡು ಫೋಟೋ ಬಂದು ಒಂದರ ಮ್ಯಾಲ ಒಂದು ಕುಂಡ್ರೋ ಅಂಜಿಕಿ. ಅಣ್ಣ ರಾತ್ರಿ ಊಟ ಆದ ಮ್ಯಾಲ ಎರಡು ತಾಸು ಕೈಲೆ ಒಂದೊಂದೇ ಸರಸ್ಕೋತ ಕುಂಡ್ರತಿದ್ದ. ನನ್ನ ಆ್ಯಪ್ ಇಷ್ಟೇ ಮಾಡ್ತದ, ಪ್ರತೀ ಕ್ಯಾಮೆರಾದಾಗಿಂದ ಅಕ್ಕಿಕಾಳು ಮ್ಯಾಲ ಹಾರಿರೋ ಒಂದೊಂದು ಫೋಟೋ ಆರಿಸಿ ಇವೆಲ್ಲ ಒಂದೇ ಗಳಿಗಿ ಅಂತ ಹೇಳ್ರಿ, ಉಳಿದ ಎಲ್ಲಾ ಫೋಟೋದ ಟೈಮ್ ಅದೇ ಲೆಕ್ಕದಾಗ ಸರಿಸಿ ಹೊಸ ಹೆಸರು ಕೊಡ್ತದ. ಜರ್ಮನಿಯವ್ರೂ ಇದನ್ನ ತಗೊಂಡಾರ, ಅವರು ಅಕ್ಕಿಕಾಳಿನ ಜಾಗದಾಗ ಬ್ಯಾರೆ ಏನರ ಆರಿಸ್ತಾರ, ತ್ರಾಸು ಮಾತ್ರ ಅದೇ.

ಸಣ್ಣ ಕೆಲಸ ಆರಿಸ್ಕೋರಿ ಅಂತ ನಾ ಒತ್ತಿ ಹೇಳ್ತೀನಿ. ಒಬ್ಬನೇ ಇದ್ದಾಗ ಎಲ್ಲಾ ಮಾಡೋ ಆ್ಯಪ್ ಮಾಡ್ಲಿಕ್ಕ ಹೋದ್ರ ಯಾವ್ದೂ ನೆಟ್ಟಗ ಆಗಂಗಿಲ್ಲ.

ಮಷೀನ್ ಬಗ್ಗೆ ಭಾಳ ತಲಿ ಕೆಡಿಸ್ಕೋಬ್ಯಾಡ್ರಿ. 2020ರಾಗ ಬಂದ ಎಂ1 ಚಿಪ್ಪಿನ ಏರ್ ಸೆಕೆಂಡ್ ಹ್ಯಾಂಡ್ ಸಿಕ್ರೂ ನಡೀತದ, ಬೇಸಿಗ್ಯಾಗ ಕರೆಂಟ್ ಹೋಗೋ ಊರಿಗಿ ಲ್ಯಾಪ್‌ಟಾಪೇ ಚಂದ. ಆದ್ರ ವೈಫೈ ರೌಟರಿಗಿ ಒಂದು ಸಣ್ಣ ಯುಪಿಎಸ್ ಹಚ್ರಿ, ಲ್ಯಾಪ್‌ಟಾಪ್ ಚಾಲೂ ಇದ್ದು ಅಪ್‌ಲೋಡ್ ನಡುಕ ಕಟ್ ಆದ್ರ ಅದು ಇನ್ನಾ ದೊಡ್ಡ ತ್ರಾಸು. ಜೊತಿಗಿ ಒಂದು ಹಳೀ ಇಂಟೆಲ್ ಚಿಪ್ಪಿನ ಮ್ಯಾಕ್ ಇಟ್ಕೋರಿ. ನಮ್ಮ ಕಡೆ ಸ್ಟುಡಿಯೋದವ್ರ ಐಮ್ಯಾಕ್ ಇನ್ನಾ ಇಂಟೆಲ್ಲೇ ಅವ, 2025ರ ಟಾಹೋನೇ ಇಂಟೆಲ್‌ಗಿ ಕಡೀ ಮ್ಯಾಕ್‌ಓಎಸ್ (ಮ್ಯಾಕಿನ ಆಪರೇಟಿಂಗ್ ಸಿಸ್ಟಮ್) ಅಂತ ಆ್ಯಪಲ್ ಹೇಳ್ಯದ ಖರೇ, ಆದ್ರ ದುಡಿಯೋ ಮಂದಿ ಅಷ್ಟು ಲಗೂ ಮಷೀನ್ ಬದಲ್ಸಂಗಿಲ್ಲ, ಎರಡೂ ಥರದ ಚಿಪ್ಪಿನ್ಯಾಗ ನಡಿಯೋ ಯೂನಿವರ್ಸಲ್ ಬಿಲ್ಡೇ ಕೊಡ್ರಿ.

ಆ್ಯಪಿನ ವಿಂಡೋ, ಬಟನ್ ಎಲ್ಲಾ ಕಟ್ಲಿಕ್ಕ ಆ್ಯಪಲ್ ಕೊಟ್ಟ ಸಾಧನ ಎರಡು, ಹೊಸಾ ಸ್ವಿಫ್ಟ್‌ಯುಐ ಇಲ್ಲಾ ಹಳೀ ಆ್ಯಪ್‌ಕಿಟ್, ಈ ಜಗಳ ದಿನಾ ನಡೀತದ. ನನ್ನ ಮಾತು ಏನಂದ್ರ ಸೆಟ್ಟಿಂಗ್ಸ್ ವಿಂಡೋ, ಸಣ್ಣ ಪ್ಯಾನೆಲ್ ಎಲ್ಲಾ ಸ್ವಿಫ್ಟ್‌ಯುಐದಾಗ ಮಾಡ್ರಿ, ಲಗೂ ಆಗ್ತದ. ಎಂಟು ಸಾವಿರ ಫೋಟೋ ಇರೋ ಪಟ್ಟಿ ಮಾತ್ರ ಆ್ಯಪ್‌ಕಿಟ್‌ನ ಟೇಬಲ್ ವ್ಯೂ ಇಲ್ಲಾ ಕಲೆಕ್ಷನ್ ವ್ಯೂದಾಗ ಮಾಡ್ರಿ, ಅದು ಹಳೇದು, ಗಟ್ಟಿ, ಹಳೀ ಮ್ಯಾಕ್‌ಓಎಸ್‌ದಾಗೂ ಒಂದೇ ಥರ ನಡೀತದ. ಮತ್ತ ಫೋಟೋ ತೋರ್ಸ್ಲಿಕ್ಕ ಪೂರಾ ಫೈಲ್ ತೆರೀಬ್ಯಾಡ್ರಿ, 24 ಮೆಗಾಪಿಕ್ಸೆಲ್ ಫೋಟೋ ಒಂದು ಮೆಮೊರಿದಾಗ ಬಿಚ್ಚಿದ್ರ ಪಿಕ್ಸೆಲ್‌ಗಿ ನಾಕು ಬೈಟ್ ಲೆಕ್ಕದಾಗ 96 ಎಂಬಿ ತಿಂತದ, ಹಂತಾವು ನೂರು ತೆರದ್ರ 8 ಜಿಬಿ ಮಷೀನ್ ಅಲ್ಲೇ ಕುಸೀತದ. ಇಮೇಜ್ ಐಓ ಅಂತ ಆ್ಯಪಲ್ಲಿಂದೇ ಫ್ರೇಮ್‌ವರ್ಕ್ ಅದ, ಅದಕ್ಕ ಇಷ್ಟು ಸೈಜಿನ ಥಂಬ್‌ನೇಲ್ ಸಾಕು ಅಂತ ಕೇಳಿದ್ರ ಫೈಲಿನೊಳಗ ಕ್ಯಾಮೆರಾನೇ ಇಟ್ಟ ಸಣ್ಣ ಚಿತ್ರ ತಗದು ಕೊಡ್ತದ. ಇದೊಂದು ಬದಲ್ ಮಾಡಿದ ಮ್ಯಾಲ ನನ್ನ ಆ್ಯಪ್ ಹಳೀ ಐಮ್ಯಾಕಿನ್ಯಾಗೂ ಸರಾಗ ಓಡ್ಲಿಕತ್ತು.

ಇನ್ನ ಒಂದು, ಮಂದಿಯ ಫೈಲ್ ಮುಟ್ಟೋ ಆ್ಯಪ್ ಅಂದ್ರ ಕಮಾಂಡ್ ಝಡ್ ಒತ್ತಿದ್ರ ಎಲ್ಲಾ ಮೊದಲಿನಂಗ ಆಗ್ಲೇಬೇಕು, ಆ್ಯಪ್ ಮುಚ್ಚಿ ತೆರದ್ರೂ ಆಗ್ಬೇಕು. ನಾ ಹಳೀ ಹೆಸರು ಹೊಸಾ ಹೆಸರು ಎರಡೂ ಒಂದು ಲಾಗ್ ಫೈಲಿನ್ಯಾಗ ಮೊದ್ಲು ಬರ್ದು, ಆಮ್ಯಾಲೇ ಹೆಸರು ಬದಲ್ ಮಾಡ್ತೀನಿ, ನಡುಕ ಕರೆಂಟ್ ಹೋದ್ರೂ ಹಿಂದಕ್ಕ ಬರ್ಲಿಕ್ಕ ದಾರಿ ಇರ್ತದ. ಮದುವಿ ಎರಡನೇ ಸಲ ಆಗಂಗಿಲ್ರಿ, ಆ ಫೋಟೋ ಹೋದ್ರ ಹೋತು.

ಕನ್ನಡದ ವಿಷಯಕ್ಕ ಬರ್ತೀನಿ, ಇದನ್ನ ಹೊರಗಿನ ಡೆವಲಪರ್‌ಗಳು ಬರಿಯಂಗಿಲ್ಲ, ಅದಕ್ಕ ಸ್ವಲ್ಪ ಉದ್ದ ಬರೀತೀನಿ. ಆಲ್ಬಮ್ ಹೆಸರು ಉದ್ದ ಇದ್ರ ಲೇಬಲಿಗಿ ಹಿಡಿಯೋಷ್ಟು ಕತ್ತರಿಸೋ ಕೋಡ್ ಬರ್ದಿದ್ದೆ. ಇಂಗ್ಲಿಷಿನ್ಯಾಗ ಎಲ್ಲಾ ಸರಿ. ಅಣ್ಣನ ಸ್ಟುಡಿಯೋದಾಗ ಒಂದು ಆಲ್ಬಮ್ ಲೇಬಲ್ ಪ್ರಿಂಟ್ ಆಗಿ ಬಂತು, ಶರಣಬಸಪ್ಪ ಅನ್ನೋ ಮದುಮಗನ ಹೆಸರು "ಶರಣಬಸಪ್" ಅಂತ ನಿಂತಿತ್ತು. ನಮ್ಮ ಊರಾಗ, ಶರಣಬಸವೇಶ್ವರರ ಊರಾಗ, ಆ ಹೆಸರು ಅರ್ಧ ಕತ್ತರಿಸಿ ಪ್ರಿಂಟ್ ಆಗೋದಂದ್ರ ನನಗ ಖರೇನ ನಾಚಿಕಿ ಆತು. ಆಗಿದ್ದು ಏನಂದ್ರ, ಶರಣಬಸಪ್ಪ ಅಂದ್ರ ನಾವು ಶ, ರ, ಣ, ಬ, ಸ, ಪ್ಪ ಅಂತ ಆರು ಅಕ್ಷರ ಎಣಸ್ತೀವಿ. ಸ್ವಿಫ್ಟಿಗಿ ಎಷ್ಟು ಕ್ಯಾರೆಕ್ಟರ್ ಅಂತ ಕೇಳ್ರಿ, ಏಳು ಅಂತದ, ಯಾಕಂದ್ರ ಅದು "ಪ್" ಒಂದು "ಪ" ಒಂದು ಅಂತ ಬ್ಯಾರೆ ಮಾಡ್ತದ. ಪಠ್ಯ ಇಡೋ ಆ್ಯಪಲ್ಲಿನ ಹಳೀ ಪದ್ಧತಿ ಎನ್ಎಸ್‌ಸ್ಟ್ರಿಂಗಿಗಿ ಉದ್ದ ಕೇಳಿದ್ರ ಎಂಟು, ಅದಕ್ಕ ಅರ್ಧಾಕ್ಷರದ ಗುರುತೂ ಒಂದು ಲೆಕ್ಕ. ಫೈಲ್ ಹೆಸರಾಗಿ ಬೈಟ್ ಎಣಿಸಿದ್ರ 24, ಯಾಕಂದ್ರ ಅಕ್ಷರನ್ನ ಬೈಟ್ ಮಾಡಿ ಇಡೋ ಯುಟಿಎಫ್-8 ಪದ್ಧತಿದಾಗ ಕನ್ನಡದ ಒಂದೊಂದು ಗುರುತಿಗೂ ಮೂರು ಬೈಟ್ ಬೇಕು. ಒಂದೇ ಹೆಸರಿಗಿ ನಾಕು ಲೆಕ್ಕ. ಹಿಂಗಾಗಿ ಕನ್ನಡ ಕತ್ತರಿಸೋ ಮುಂದ ನಾ ಮಾಡೋದು ಇಷ್ಟು: ಕತ್ತರಿಸಿದ ಜಾಗದ ಹಿಂದಿನ ಗುರುತು ಅರ್ಧಾಕ್ಷರದ್ದು ಇದ್ದು ಮುಂದ ವ್ಯಂಜನ ಇದ್ರ ಅಲ್ಲಿ ಕತ್ತರಿಸಬಾರ್ದು, ಒಂದು ಅಕ್ಷರ ಹಿಂದಕ್ಕ ಸರೀಬೇಕು. ಹತ್ತು ಸಾಲಿನ ಕೋಡ್. ಅದರ ಟೆಸ್ಟಿನ್ಯಾಗ ಶರಣಬಸಪ್ಪ, ಮಲ್ಲಿಕಾರ್ಜುನ, ಲಕ್ಷ್ಮಿ ಮೂರೂ ಹೆಸರು ಹಾಕೀನಿ. ಹಳೀ ಹಾರ್ಡ್ ಡಿಸ್ಕಿನಿಂದ ಬಂದ ಫೈಲಿನ್ಯಾಗ ಇನ್ನೊಂದು ತ್ರಾಸು ಅದ, ಮೊದಲಿನ ಎಚ್‌ಎಫ್‌ಎಸ್ ಪ್ಲಸ್ ಫಾರ್ಮ್ಯಾಟ್ ಅಕ್ಷರಗಳನ್ನ ಬಿಡಿಸಿ ಇಡ್ತಿತ್ತು, "ಗೋ" ಅನ್ನೋದ್ರ ಓತ್ವ ಮೂರು ತುಂಡಾಗಿ ಇರ್ತದ, ಕಣ್ಣಿಗಿ ಒಂದೇ ಕಾಣ್ತದ ಆದ್ರ ಬೈಟ್ ಬ್ಯಾರೆ. ಹೆಸರು ಹೋಲಿಸೋ ಮುಂದ ಬೈಟ್ ಹೋಲಿಸಬ್ಯಾಡ್ರಿ, ಸ್ವಿಫ್ಟಿನ ಸ್ಟ್ರಿಂಗ್ ಹೋಲಿಕಿನೇ ಬಳಸ್ರಿ, ಅದು ಎರಡೂ ಒಂದೇ ಅಂತ ತಿಳಕೋತದ.

ಈಗ ಸೈನಿಂಗ್, ನೋಟರೈಸೇಷನ್. ಸೈನಿಂಗ್ ಅಂದ್ರ ಆ್ಯಪ್ ನಮ್ಮದೇ ಅಂತ ಡಿಜಿಟಲ್ ಸಹಿ ಹಾಕೋದು, ನೋಟರೈಸೇಷನ್ ಅಂದ್ರ ಆ್ಯಪಲ್ ಅದನ್ನ ತಪಾಸಣಿ ಮಾಡಿ ಪಾಸ್ ಅಂತ ಒಂದು ಟಿಕೆಟ್ ಕೊಡೋದು. ಆ್ಯಪ್ ಸ್ಟೋರ್ ಹೊರಗ ಮಾರೋರಿಗಿ ಇದು ಭಾಳ ಮುಖ್ಯ. ಆ್ಯಪಲ್ ಡೆವಲಪರ್ ಪ್ರೋಗ್ರಾಮಿಗಿ ವರ್ಷಕ್ಕ 99 ಡಾಲರ್ ಕಟ್ರಿ, ಡೆವಲಪರ್ ಐಡಿ ಸರ್ಟಿಫಿಕೇಟ್ ತಗೋರಿ, ಹಾರ್ಡನ್ಡ್ ರನ್‌ಟೈಮ್ ಅನ್ನೋ ಭದ್ರತಾ ಸೆಟ್ಟಿಂಗ್ ಚಾಲೂ ಮಾಡಿ ಸೈನ್ ಮಾಡ್ರಿ, ನೋಟರಿಟೂಲ್‌ನಿಂದ ಆ್ಯಪಲ್‌ಗಿ ಕಳಸ್ರಿ, ನಾ ಕಳಿಸಿದ್ದು ಸಾಮಾನ್ಯ ಐದು ಹತ್ತು ನಿಮಿಷದಾಗ ಪಾಸಾಗಿ ಬರ್ತದ, ಆಮ್ಯಾಲ ಸ್ಟೇಪ್ಲರ್‌ನಿಂದ ಆ ಟಿಕೆಟ್ ಆ್ಯಪಿಗಿ ಅಂಟಸ್ರಿ. ಹಳೀ ವಿಡಿಯೋದಾಗ ಆಲ್ಟ್‌ಟೂಲ್ ಅಂತ ತೋರಸ್ತಾರ, ನೋಟರೈಸ್ ಮಾಡ್ಲಿಕ್ಕ ಅದು 2023ರ ನವೆಂಬರಿಗೇ ಬಂದ್ ಆಗ್ಯದ, ಅದರ ಹಿಂದ ಬೀಳಬ್ಯಾಡ್ರಿ. 2019ರ ಮ್ಯಾಕ್‌ಓಎಸ್ ಕ್ಯಾಟಲಿನಾದಿಂದ ನೋಟರೈಸ್ ಇಲ್ದ ಹೊಸಾ ಆ್ಯಪ್ ಮ್ಯಾಕಿನೊಳಗಿನ ಕಾವಲುಗಾರ ಗೇಟ್‌ಕೀಪರ್ ಬಿಡಂಗಿಲ್ಲ, ಮೊದಲ ಕಂಟ್ರೋಲ್ ಹಿಡಿದು ಕ್ಲಿಕ್ ಮಾಡಿ ಓಪನ್ ಅಂದ್ರ ನಡೀತಿತ್ತು, 2024ರ ಸಿಕೋಯಾದಾಗ ಅದೂ ಹೋತು, ಈಗ ಸಿಸ್ಟಮ್ ಸೆಟ್ಟಿಂಗ್ಸಿಗಿ ಹೋಗಿ ಬಿಡಸ್ಬೇಕು. ದುಡ್ಡು ಕೊಟ್ಟ ಗಿರಾಕಿಗಿ ಹಂಗ ಮಾಡ್ರಿ ಅಂತ ಹೇಳೋದು ಸರಿ ಅಲ್ಲ.

ನಾ ಇಲ್ಲಿ ಪೆಟ್ಟು ತಿಂದಿದ್ದು ಹೇಳ್ತೀನಿ. ಮೊದಲ ವರ್ಷನ್ ಪೆನ್ ಡ್ರೈವಿನ್ಯಾಗ ಹಾಕ್ಕೊಂಡು ಅಣ್ಣನ ಸ್ಟುಡಿಯೋಕ್ಕ ಹೋಗಿ ಟೆಸ್ಟ್ ಮಾಡಿದೆ, ಚಂದ ತೆರೀತು, ಖುಷಿಲೆ ಮನಿಗಿ ಬಂದು ಸೈಟಿನ್ಯಾಗ ಹಾಕಿದೆ. ಬೀದರಿನ ಒಬ್ಬರು ಸ್ಟುಡಿಯೋದವ್ರು ಫೋನ್ ಹಾಟ್‌ಸ್ಪಾಟ್ ಹಚ್ಚಿ ಡೌನ್‌ಲೋಡ್ ಮಾಡ್ಯಾರ, ಹಾಟ್‌ಸ್ಪಾಟ್ ಬಂದ್ ಮಾಡಿ ತೆರದಾರ, ತೆರೀಲಿಲ್ಲ. ನಾ ಟಿಕೆಟ್ ಅಂಟಿಸೋದೇ ಮರ್ತಿದ್ದೆ. ಅಂಟಿಸ್ದೇ ಇದ್ರ ಮ್ಯಾಕ್ ಆ್ಯಪಲ್ಲಿನ ಸರ್ವರಿಗಿ ಕೇಳ್ತದ, ನೆಟ್ ಇಲ್ದಾಗ ಕೇಳ್ಲಿಕ್ಕ ದಾರಿ ಇಲ್ಲ. ಮತ್ತ ನನಗ ಯಾಕ ಗೊತ್ತಾಗ್ಲಿಲ್ಲ ಅಂದ್ರ, ಬ್ರೌಸರ್, ಮೇಲ್‌ನಂಥ ಆ್ಯಪಿನಿಂದ ಇಳಿಸಿದ ಫೈಲಿಗಿ ಇದು ನೆಟ್‌ನಿಂದ ಬಂದದ್ದು ಅನ್ನೋ ಕ್ವಾರಂಟೀನ್ ಗುರುತು ಬೀಳ್ತದ, ಪೆನ್ ಡ್ರೈವಿನಿಂದ ಕಾಪಿ ಮಾಡಿದ್ದಕ್ಕ ಬೀಳಂಗಿಲ್ಲ, ಗುರುತು ಇಲ್ದ ಆ್ಯಪಿಗಿ ಆ ತಪಾಸಣಿನೇ ಇಲ್ಲ. ಆವತ್ತಿನಿಂದ ನನ್ನ ಪದ್ಧತಿ ಇದು, ಪ್ರತೀ ವರ್ಷನ್ ಗಿರಾಕಿ ಇಳಿಸ್ಕೊಳ್ಳೋ ಅದೇ ಲಿಂಕಿನಿಂದ ಸಫಾರಿದಾಗ ಇಳಿಸಿ, ವೈಫೈ ಆರಿಸಿ, ಆ್ಯಪ್ ಕಟ್ಟೋ ಎಕ್ಸ್‌ಕೋಡ್ ಇಲ್ದ ಇನ್ನೊಂದು ಮ್ಯಾಕಿನ್ಯಾಗ ತೆರದು ನೋಡ್ತೀನಿ. ಇನ್ನ ಝಿಪ್ ಫೈಲಿಗಿ ಟಿಕೆಟ್ ಅಂಟಂಗಿಲ್ಲ ಅನ್ನೋದು ನೆನಪಿಡ್ರಿ, ಮೊದ್ಲು ಆ್ಯಪಿಗಿ ಅಂಟಿಸಿ ಆಮ್ಯಾಲ ಝಿಪ್ ಮಾಡ್ಬೇಕು, ಡಿಎಂಜಿ ಅನ್ನೋ ಡಿಸ್ಕ್ ಇಮೇಜ್ ಫೈಲ್ ಆದ್ರ ಅದಕ್ಕೇ ಅಂಟಿಸ್ಬಹುದು.

ಮಾರೋದು ಎಲ್ಲಿ? ಮ್ಯಾಕ್ ಆ್ಯಪ್ ಸ್ಟೋರ್ 2011ರಿಂದ ಅದ. ಅಲ್ಲಿ ಆ್ಯಪಲ್ 30 ಪರ್ಸೆಂಟ್ ಹಿಡ್ಕೋತದ, ಆದ್ರ ವರ್ಷಕ್ಕ ಹತ್ತು ಲಕ್ಷ ಡಾಲರ್ ಒಳಗ ದುಡಿಯೋರಿಗಿ ಸ್ಮಾಲ್ ಬಿಸಿನೆಸ್ ಪ್ರೋಗ್ರಾಮಿನ್ಯಾಗ 15 ಅಷ್ಟೇ, ಅದು ತಾನಾಗೇ ಬರಂಗಿಲ್ಲ, ನೀವೇ ಅರ್ಜಿ ಹಾಕ್ಬೇಕು, ಮರೀಬ್ಯಾಡ್ರಿ. ಅಲ್ಲಿ ಸ್ಯಾಂಡ್‌ಬಾಕ್ಸ್ 2012ರಿಂದ ಕಡ್ಡಾಯ, ಅಂದ್ರ ಗಿರಾಕಿ ತಾವೇ ಆರಿಸಿ ಕೊಟ್ಟ ಫೋಲ್ಡರ್ ಬಿಟ್ಟು ಬ್ಯಾರೆ ಮುಟ್ಟೋ ಹಂಗಿಲ್ಲ. ನನ್ನ ಆ್ಯಪಿಗಿ ಅದು ಅಡ್ಡಿ ಆಗ್ಲಿಲ್ಲ, ಫೈಲಿನ ವಿಷಯದಾಗ ಅದು ಛಲೋ ನಿಯಮ ಅಂತೇ ನನ್ನ ಅಭಿಪ್ರಾಯ. ನನಗ ಸೇರ್ದೇ ಇರೋದು ಒಂದೇ, ಹೊಸಾ ದೊಡ್ಡ ವರ್ಷನ್ ಬಂದಾಗ ಹಳೀ ಗಿರಾಕಿಗಿ ಕಡಿಮಿ ರೇಟಿನ್ಯಾಗ ಅಪ್‌ಗ್ರೇಡ್ ಮಾರೋ ಸೀದಾ ದಾರಿ ಅಲ್ಲಿಲ್ಲ. ಅದಕ್ಕ ನಾ ಎರಡೂ ಕಡೆ ಮಾರ್ತೀನಿ. ಹೊರಗ ಮಾರ್ಲಿಕ್ಕ ಪ್ಯಾಡಲ್‌ನಂಥ ಕಂಪನಿ ಮಾರೋರಾಗಿ ನಿಲ್ತಾವ, ಯುರೋಪಿನ ವ್ಯಾಟ್ ಎಲ್ಲಾ ಅವರೇ ಕಟ್ತಾರ, ಒಬ್ಬನೇ ಮನಷ್ಯಾ ಅಷ್ಟೂ ದೇಶದ ತೆರಿಗಿ ಲೆಕ್ಕ ಇಡೋದು ಆಗೋ ಮಾತಲ್ಲ.

ರೊಕ್ಕ ಡಾಲರಿನ್ಯಾಗ ಬರ್ತದ, ಇಲ್ಲಿ ಒಬ್ಬ ಛಲೋ ಸಿಎ ಬೇಕೇ ಬೇಕು. ಆ್ಯಪಲ್‌ಗಿ ಅಮೆರಿಕಾದ ತೆರಿಗಿ ಫಾರ್ಮ್ ಡಬ್ಲ್ಯೂ-8ಬೆನ್ ತುಂಬಿ ಕೊಡ್ಬೇಕು. ಸೇವಾ ವ್ಯವಹಾರ ವರ್ಷಕ್ಕ 20 ಲಕ್ಷ ದಾಟಿದ್ರ ಜಿಎಸ್‌ಟಿ ನೋಂದಣಿ ಬೇಕು, ಹೊರ ದೇಶಕ್ಕ ಮಾರಿದ್ದು ರಫ್ತು ಅಂತ ಆಗ್ತದ, ಎಲ್‌ಯುಟಿ ಅನ್ನೋ ಮುಚ್ಚಳಿಕಿ ಪತ್ರ ಹಾಕಿದ್ರ ತೆರಿಗಿ ಕಟ್ಟದೇ ರಫ್ತು ಮಾಡ್ಬಹುದು, ಆ ಎಲ್‌ಯುಟಿ ಪ್ರತೀ ಆರ್ಥಿಕ ವರ್ಷಕ್ಕ ಹೊಸದಾಗಿ ಹಾಕ್ಬೇಕು. ಮೊದಲ ಸಲ ರೊಕ್ಕ ಬಂದಾಗ ಬ್ಯಾಂಕಿನವ್ರು ನನ್ನ ಕರದು ಯಾವ ಮಾಲು ಕಳಿಸೀರಿ, ಹಡಗಿನ ಕಾಗದ ಎಲ್ಲದ ಅಂತ ಕೇಳಿದ್ರು, ನಮ್ಮ ಕಡೆಯಿಂದ ತೊಗರಿಬ್ಯಾಳಿ ಹೋಗೋದು ಅವರಿಗಿ ಗೊತ್ತು, ಸಾಫ್ಟ್‌ವೇರ್ ಹೋಗೋದು ಅಲ್ಲಿ ಯಾರೂ ನೋಡಿದ್ದಿಲ್ಲ. ಮೂರು ಸಲ ತಿರಗಾಡಿ, ಲ್ಯಾಪ್‌ಟಾಪ್ ತೆರದು ಆ್ಯಪ್ ತೋರಿಸಿ, ರೊಕ್ಕ ಯಾತಕ್ಕ ಬಂತು ಅಂತ ಹೇಳೋ ಸರಿಯಾದ ಪರ್ಪಸ್ ಕೋಡ್ ಹಾಕಿಸ್ಕೊಂಡು ಬಂದೆ. ನೀವು ಮೊದಲ ಪೇಮೆಂಟ್ ಬರೋಕಿಂತ ಮೊದಲೇ ಬ್ಯಾಂಕಿಗಿ ಹೋಗಿ ಮಾತಾಡಿಟ್ಟು ಬರ್ರಿ, ಹೊರಗಿನ ರೊಕ್ಕ ಬಂದ ಸರ್ಟಿಫಿಕೇಟ್ ಪ್ರತೀ ಸಲ ಕೇಳಿ ತಗೋರಿ.

ಬೆಲಿ ಬಗ್ಗೆ ನನ್ನ ನಿಲುವು ಗಟ್ಟಿ ಅದ. ಎಲ್ಲಾರೂ ತಿಂಗಳಾ ತಿಂಗಳಾ ಕಟ್ಟೋ ಸಬ್‌ಸ್ಕ್ರಿಪ್ಷನ್ ಮಾಡು ಅಂತಾರ. ನನ್ನ ಗಿರಾಕಿ ಯಾರು ಅಂತ ನಾ ನೋಡ್ತೀನಿ, ಯುಗಾದಿ ದಾಟಿದ ಮ್ಯಾಲ ಮದುವಿ ಸೀಸನ್ ಜೋರು, ಆಷಾಢ ಬಂತಂದ್ರ ಸ್ಟುಡಿಯೋದಾಗ ಒಂದು ಪಾಸ್‌ಪೋರ್ಟ್ ಫೋಟೋಕ್ಕ ಕಾಯ್ಕೋತ ಕುಂಡ್ರತಾರ. ಆಷಾಢದಾಗ ಅವರ ಅಕೌಂಟಿನಿಂದ ರೊಕ್ಕ ಕಟ್ ಆಗ್ಬಾರ್ದು. ಒಂದೇ ಸಲ ಕೊಟ್ಟು ತಗೋರಿ, ಒಂದು ವರ್ಷದ ಅಪ್‌ಡೇಟ್ ಸಿಗ್ತದ, ಆಮ್ಯಾಲ ಬೇಕಾದ್ರ ಮತ್ತ ಕೊಡ್ರಿ, ಬ್ಯಾಡಾದ್ರ ಇದ್ದ ವರ್ಷನ್ ನಿಮ್ಮದೇ.

ದಿನ ಹೆಂಗ ಹೋಗ್ತದ ಅಂತ ಕೇಳೋರಿಗಿ: ಮೇ ತಿಂಗಳಾಗ ಇಲ್ಲಿ ಬಿಸಲು 42, 43 ಡಿಗ್ರಿ ಮುಟ್ತದ, ಅದಕ್ಕ ನಾ ಮುಂಜಾನಿ ಐದಕ್ಕ ಏಳ್ತೀನಿ, ಒಂಬತ್ತರ ತನಕ ಕೋಡ್, ಆಮ್ಯಾಲ ರೊಟ್ಟಿ ಪಲ್ಯ ತಿಂದು ಮೇಲ್‌ಗಳಿಗಿ ಉತ್ತರ. ಅಮೆರಿಕಾದವ್ರ ಮೇಲ್ ಎಲ್ಲಾ ರಾತ್ರಿ ಬಂದು ಕುಂತಿರ್ತಾವ. ಮೇಲ್‌ಗಿ ಉತ್ತರ ಬರಿಯೋದು ಬಿಟ್ಟಿ ಚಾಕರಿ ಅಂತ ತಿಳೀಬ್ಯಾಡ್ರಿ, ನನ್ನ ಆ್ಯಪಿನ ಅರ್ಧ ಛಲೋ ಗುಣ ಆ ಮೇಲ್‌ಗಳಿಂದ ಬಂದಾವ. "ನಡೀವಲ್ದು" ಅಂತ ಒಂದೇ ಶಬ್ದ ಬರ್ದ್ರೂ ಸಿಟ್ಟಾಗ್ದೆ ಮೂರು ಕೇಳ್ರಿ: ಯಾವ ಮ್ಯಾಕ್‌ಓಎಸ್, ಆ್ಯಪಿನ ಯಾವ ವರ್ಷನ್, ಕಡೀಕ ಏನ್ ಒತ್ತಿದ್ರಿ. ಆ್ಯಪ್ ಕ್ರ್ಯಾಶ್ ಆಗಿದ್ರ ಕನ್ಸೋಲ್ ಆ್ಯಪ್ ತೆರದು ಕ್ರ್ಯಾಶ್ ರಿಪೋರ್ಟ್ ಕಳಸ್ರಿ ಅಂತ ಹೆಜ್ಜಿ ಹೆಜ್ಜಿ ಬರ್ದು ಕೊಡ್ರಿ. ಆ ರಿಪೋರ್ಟಿನ್ಯಾಗ ಬರೀ ನಂಬರ್ ಇರ್ತಾವ, ಅವು ನಿಮ್ಮ ಕೋಡಿನ ಯಾವ ಸಾಲು ಅಂತ ತಿಳೀಬೇಕಂದ್ರ ಅದೇ ಬಿಲ್ಡಿನ ಡಿಸಿಮ್ ಫೈಲ್ ಬೇಕು, ಅದಕ್ಕ ಹೊರಗ ಬಿಟ್ಟ ಪ್ರತೀ ವರ್ಷನ್ನಿನ ಆರ್ಕೈವ್ ಜೋಪಾನ ಇಡ್ರಿ. ಸರಿ ಮಾಡಿದ ಮ್ಯಾಲ ಮೊದ್ಲು ಆ ಮನಷ್ಯಾಗೇ ಬರೀರಿ. ದುಡ್ಡು ವಾಪಸ್ ಕೇಳಿದ್ರ ಯಾಕ ಅಂತ ವಾದ ಮಾಡ್ದೆ ಕೊಡ್ರಿ.

ಜೂನ್ ತಿಂಗಳ ಒಂದು ರಾತ್ರಿ ಬಿಡುವು ಇಟ್ಕೋರಿ. ಆ್ಯಪಲ್ಲಿನ ಡೆವಲಪರ್ ಕಾನ್ಫರೆನ್ಸ್ ಕ್ಯಾಲಿಫೋರ್ನಿಯಾದಾಗ ಮುಂಜಾನಿ ಹತ್ತಕ್ಕ ಶುರು ಆದ್ರ ಇಲ್ಲಿ ರಾತ್ರಿ ಹತ್ತೂವರಿ, ಹೊರಗ ತೊಗರಿ ಬಿತ್ತನಿಗಿ ಮಂದಿ ಮಳಿ ಕಾಯ್ತಿರ್ತಾರ, ನಾ ಹೊಸಾ ಮ್ಯಾಕ್‌ಓಎಸ್‌ದಾಗ ಏನ್ ಮುರೀತದೋ ಅಂತ ಕಾಯ್ತಿರ್ತೀನಿ. ಹೊಸಾ ಓಎಸ್‌ನ ಬೀಟಾನ (ಪರೀಕ್ಷಾ ವರ್ಷನ್) ದುಡಿಯೋ ಮಷೀನಿನ ಮ್ಯಾಲ ಹಾಕಬ್ಯಾಡ್ರಿ, ಡಿಸ್ಕಿನ್ಯಾಗ ಎಪಿಎಫ್‌ಎಸ್ ವಾಲ್ಯೂಮ್ ಅನ್ನೋ ಬ್ಯಾರೆ ಪಾಲು ಮಾಡಿ ಅದರಾಗ ಹಾಕ್ರಿ. ಗಣೇಶ ಹಬ್ಬದ ಹೊತ್ತಿಗಿ ನಿಮ್ಮ ಆ್ಯಪ್ ತಯಾರ್ ಇರ್ಬೇಕು, ಹೊಸಾ ಓಎಸ್ ಬರೋದು ಸೆಪ್ಟೆಂಬರ್ ಅಕ್ಟೋಬರಿಗಿ, ಬಂದ ದಿನಾನೇ ಹಾಕ್ಕೊಳ್ಳೋ ಗಿರಾಕಿ ಇದ್ದೇ ಇರ್ತಾರ.

ಕಡೀಕ ಕೀಲಿ. ಹೊರಗ ಮಾರೋ ಆ್ಯಪಿಗಿ ಅಪ್‌ಡೇಟ್ ಕೊಡ್ಲಿಕ್ಕ ಎಲ್ಲಾರೂ ಸ್ಪಾರ್ಕಲ್ ಅನ್ನೋ ಓಪನ್ ಸೋರ್ಸ್ ಫ್ರೇಮ್‌ವರ್ಕ್ ಬಳಸ್ತಾರ, ಅದು ಪ್ರತೀ ಅಪ್‌ಡೇಟಿಗಿ ಒಂದು ಖಾಸಗಿ ಕೀಲಿಲೆ ಸಹಿ ಹಾಕ್ತದ, ಆ ಕೀಲಿ ನಿಮ್ಮ ಮ್ಯಾಕಿನ ಪಾಸ್‌ವರ್ಡ್ ಇಡೋ ಕೀಚೈನಿನ್ಯಾಗ ಸುಮ್ನ ಕುಂತಿರ್ತದ. ಡೆವಲಪರ್ ಐಡಿ ಸರ್ಟಿಫಿಕೇಟಿನ ಖಾಸಗಿ ಕೀಲಿನೂ ಅಲ್ಲೇ. ಒಂದು ಹೋದ್ರ ಇನ್ನೊಂದರ ಆಸರಿಲೆ ಬದಲ್ ಮಾಡ್ಲಿಕ್ಕ ಬರ್ತದ, ಮಷೀನ್ ಕೆಟ್ಟು ಎರಡೂ ಒಟ್ಟಿಗಿ ಹೋದ್ರ ಇದ್ದ ಗಿರಾಕಿಗಳಿಗಿ ಅಪ್‌ಡೇಟ್ ಮುಟ್ಸೋ ದಾರಿ ಬಂದ್ ಆಗಬಹುದು. ಇವತ್ತೇ ಎರಡೂ ಎಕ್ಸ್‌ಪೋರ್ಟ್ ಮಾಡ್ರಿ, ಪಾಸ್‌ವರ್ಡ್ ಹಾಕ್ರಿ, ಎರಡು ಪೆನ್ ಡ್ರೈವಿನ್ಯಾಗ ಇಟ್ಟು ಎರಡು ಮನ್ಯಾಗ ಇಡ್ರಿ. ನಂದು ಒಂದು ಅಣ್ಣನ ಸ್ಟುಡಿಯೋದ ಡ್ರಾದಾಗ ಅದ, ಇನ್ನೊಂದು ಅವ್ವನ ಅಲಮಾರಿದಾಗ, ಹೊಲದ ಕಾಗದಪತ್ರ ಇಟ್ಟ ಚೀಲದಾಗ.